ಹನ್ನೆರಡು ಮರದ ಬಾತುಗಳು

ಆ ಸುದ್ದಿ ವೆಂಡೆಲ್ ಪ್ರಾಥರನ ಕಿವಿಗೆ ಬಿದ್ದದ್ದು ಕಚೇರಿಯ ಕ್ಯಾಂಟೀನಿನ ಸೂಪಿನ ಸಾಲಿನಲ್ಲಿ. ಮುಂದೆ ನಿಂತಿದ್ದ ಇಬ್ಬರು ವಕೀಲರು ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡದೆ ಮಾತಾಡುತ್ತಿದ್ದರು. ದಿಗ್ಬಂಧನ ವಿಭಾಗದ ಮುಖ್ಯಸ್ಥರ ಕುರ್ಚಿಗೆ ಶ್ವೇತಭವನ ಹೆಸರು ಆರಿಸಿಬಿಟ್ಟಿದೆಯಂತೆ. ಕಾರ್ಬಿನ್ ಆಶ್‌ಲಾಕ್ ಅಂತೆ. ವಯಸ್ಸು ನಲವತ್ತೊಂದಂತೆ. ಚುನಾವಣೆಯಲ್ಲಿ ಚಂದಾ ಎತ್ತಿಕೊಟ್ಟವನಂತೆ.

"ಹಂಗಾದ್ರೆ ಪ್ರಾಥರ್ ಕತೆ?" ಎಂದ ಒಬ್ಬ.

"ಪ್ರಾಥರ್ ಇದ್ದೇ ಇರ್ತಾನಲ್ಲ. ಕಟ್ಟಡಕ್ಕೆ ಕಂಬ ಇದ್ದಂಗೆ. ಕಂಬಕ್ಕೆ ಯಾರಾದ್ರೂ ಬಡ್ತಿ ಕೊಡ್ತಾರೇನಯ್ಯಾ?"

ವೆಂಡೆಲ್ ತನ್ನ ಬೀನ್ಸ್ ಸೂಪು ತೆಗೆದುಕೊಂಡು ಕಿಟಕಿಯ ಪಕ್ಕ ಕೂತ. ಬಟ್ಟಲಿನ ತಳ ಕಾಣುವವರೆಗೂ ಕುಡಿದ. ಬ್ರೆಡ್ಡಿನ ಚೂರಿನಿಂದ ತಳವನ್ನೂ ಒರೆಸಿ ತಿಂದ. ಎದೆಯಲ್ಲಿ ಬೆಂಕಿ ಬಿದ್ದಿದ್ದರೂ ಊಟ ಬಿಡುವ ಜಾತಿಯಲ್ಲ ಅವನದು.

ಇಪ್ಪತ್ತಾರು ವರ್ಷ ಒಂದೇ ಮಹಡಿ. ಅದರಲ್ಲಿ ಹನ್ನೊಂದು ವರ್ಷ ಉಪ ಮುಖ್ಯಸ್ಥ. ಐದು ಮಂದಿ ಮುಖ್ಯಸ್ಥರು ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ಕೆಲಸ ಮಾಡಿದ್ದು ವೆಂಡೆಲ್. ಆ ವಿಭಾಗದ ಪಟ್ಟಿಯಲ್ಲಿ ಹೆಸರು ಬಿತ್ತೆಂದರೆ ಸಾಕು, ಡಾಲರ್ ಓಡಾಡುವ ಕಡೆಯೆಲ್ಲ ಆ ಮನುಷ್ಯನ ಕತೆ ಮುಗಿಯಿತು. ಬ್ಯಾಂಕಿನಲ್ಲಿದ್ದದ್ದು ಬ್ಯಾಂಕಿನಲ್ಲೇ ಹೆಪ್ಪುಗಟ್ಟುತ್ತದೆ. ಅವನ ಒಂದು ಕಾಸು ಮುಟ್ಟಿದವನಿಗೂ ಶಿಕ್ಷೆ. ಗೊತ್ತಿದ್ದು ಮುಟ್ಟಿದರೆ ಇಪ್ಪತ್ತು ವರ್ಷ ಜೈಲು, ಗೊತ್ತಿಲ್ಲದೆ ಮುಟ್ಟಿದರೆ ಮನೆ ಮಾರುವಷ್ಟು ದಂಡ. "ಗೊತ್ತಿರಲಿಲ್ಲ ಅನ್ನೋದು ನಮ್ಮಲ್ಲಿ ಉತ್ತರವೇ ಅಲ್ಲ" ಎಂದು ವೆಂಡೆಲ್ ವರ್ಷಕ್ಕೆ ನಲವತ್ತು ಸಲ ಬ್ಯಾಂಕಿನವರ ಮುಂದೆ ಭಾಷಣ ಮಾಡಿದ್ದಾನೆ. ಪಟ್ಟಿಯ ಹನ್ನೊಂದು ಸಾವಿರ ಹೆಸರುಗಳನ್ನು ಅವನು ಸಹಸ್ರನಾಮದ ಹಾಗೆ ಗಡಗಡ ಹೇಳಬಲ್ಲ. ಕಾಣಲು ಬಂದವರ ಕೈಯಿಂದ ಒಂದು ಲೋಟ ಕಾಫಿಯನ್ನೂ ಮುಟ್ಟದವನು.

ಐದನೆಯ ಮುಖ್ಯಸ್ಥೆ ಕುರ್ಚಿ ಬಿಟ್ಟ ಮೇಲೆ, ಏಪ್ರಿಲ್ ಹದಿನಾಲ್ಕರಂದು ಅವನನ್ನು ಹಂಗಾಮಿ ಮುಖ್ಯಸ್ಥನನ್ನಾಗಿ ಕೂರಿಸಿದ್ದರು. ಅಂಗಡಿಯ ಕೇಕು ತಂದು ಕತ್ತರಿಸಿ ಚಪ್ಪಾಳೆ ತಟ್ಟಿದ್ದರು. ಹಂಗಾಮಿಗೆ ಕಾನೂನು ಕೊಡುವುದು ಇನ್ನೂರ ಹತ್ತು ದಿನ. ಅದರ ಮೇಲೆ ಒಂದು ದಿನವಾದರೂ ಅವನ ಸಹಿಗೂ ಕೋಳಿ ಕೆರೆದ ಗೀಚಿಗೂ ವ್ಯತ್ಯಾಸವಿಲ್ಲ. ವೆಂಡೆಲ್ ಕೇಕಿನ ದಿನವೇ ಮೇಜಿನ ಡೈರಿ ತೆಗೆದು ಪೆನ್ಸಿಲ್ಲಿನಲ್ಲಿ ಒಂದು ಎಂದು ಬರೆದಿದ್ದ. ಆಮೇಲೆ ಎರಡು, ಮೂರು. ಇನ್ನೂರ ಹತ್ತು ತುಂಬುವುದರೊಳಗೆ ಹಂಗಾಮಿ ಹೋಗಿ ಖಾಯಂ ಆಗುತ್ತದೆಂದು ನಂಬಿದ್ದ. ಸೂಪಿನ ಸಾಲಿನಲ್ಲಿ ನಿಂತದ್ದು ನೂರ ಹದಿನೈದನೆಯ ದಿನ.

ಮರುವಾರ ಆಶ್‌ಲಾಕ್ ತನ್ನ ಭಾವೀ ಕೋಣೆ ನೋಡಲು ಬಂದ. ಅವನ ಆಸ್ತಿ ವಿವರದ ಕಾಗದಗಳೇ ಇನ್ನೂ ಮುಗಿದಿರಲಿಲ್ಲ. ಸೆನೆಟ್ಟಿನ ಒಪ್ಪಿಗೆಗೆ ಹೆಸರು ಹೋಗುವುದು ನವೆಂಬರಿನಲ್ಲಿ ಎಂದು ಮೇಲಿನ ಮಹಡಿಯವರು ಹೇಳಿದ್ದರು. ಆದರೂ ಪರದೆಯ ಬಟ್ಟೆ ಮುಟ್ಟಿ ನೋಡಿದ, ಕಿಟಕಿಯ ಅಗಲಕ್ಕೆ ಕೈ ಚಾಚಿ ಅಳತೆ ತೆಗೆದ, ಕೊನೆಗೆ ವೆಂಡೆಲ್‌ನ ಬೆನ್ನು ತಟ್ಟಿದ.

"ವೆಂಡ್, ನೀವಿದ್ದೀರಿ ಅನ್ನೋ ಧೈರ್ಯದ ಮೇಲೇ ನಾನು ಒಪ್ಕೊಂಡಿರೋದು. ನಂಗೊಂದು ಉಪಕಾರ ಮಾಡಿ. ಪಟ್ಟಿಯಲ್ಲಿರೋರು ಹೆಸರು ತೆಗೀರಿ ಅಂತ ಅರ್ಜಿ ಹಾಕ್ತಾರಲ್ಲ, ಅದೆಲ್ಲ ಹೆಂಗೆ ನಡೆಯುತ್ತೆ ಅಂತ ಬರೆದುಕೊಡಿ. ಒಂದೇ ಪುಟ. ಉದ್ದ ಇದ್ರೆ ನಾನು ಓದಲ್ಲ."

ಹುಟ್ಟಿದಾಗಿನಿಂದ ಯಾರೂ ಅವನನ್ನು ವೆಂಡ್ ಎಂದು ಕರೆದಿರಲಿಲ್ಲ. ಅವನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಇಪ್ಪತ್ತಾರು ವರ್ಷವನ್ನು ಒಂದು ಪುಟಕ್ಕೆ ಇಳಿಸಲು ಕೂತ. ಅರ್ಜಿ ಬರುತ್ತದೆ. ತನಿಖೆ ನಡೆಯುತ್ತದೆ. ನಡತೆ ಬದಲಾಗಿದೆಯೇ ಎಂದು ನೋಡುತ್ತಾರೆ. ಮುಖ್ಯಸ್ಥ ಸಹಿ ಹಾಕುತ್ತಾನೆ. ಹೆಸರು ಹೋಗುತ್ತದೆ. ಆಮೇಲೆ ಆ ಮನುಷ್ಯ ನಮಗೆ ಯಾರೂ ಅಲ್ಲ.

ಈ ಕೊನೆಯ ವಾಕ್ಯ ಬರೆದು ವೆಂಡೆಲ್ ಪೆನ್ನು ಕೆಳಗಿಟ್ಟ. ಮತ್ತೆ ಓದಿದ. ಆಮೇಲೆ ಆ ಮನುಷ್ಯ ನಮಗೆ ಯಾರೂ ಅಲ್ಲ. ಅಂದರೆ ಅವನ ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಲೋಕದಲ್ಲಿ ಒಬ್ಬನೂ ನೋಡುವುದಿಲ್ಲ. ಬ್ಯಾಂಕು ನೋಡುವುದು ಪಟ್ಟಿಯನ್ನು. ಪಟ್ಟಿಯಲ್ಲಿಲ್ಲದ ಹೆಸರು ಬ್ಯಾಂಕಿನ ಕಣ್ಣಿಗೆ ಗಾಳಿ. ನಿನ್ನೆ ಬಿಡುಗಡೆಯಾದವನು ನಾಳೆ ಬಿಡಿಸಿದವನಿಗೇ ಹಣ ಕೊಟ್ಟರೂ ಕೇಳುವ ದೇವರಿಲ್ಲ. ಇಂಥ ದೊಡ್ಡ ಕಿಂಡಿ ಇಷ್ಟು ವರ್ಷ ಮೂಗಿನ ಕೆಳಗೇ ಇತ್ತು, ಆಶ್‌ಲಾಕ್ ಒಂದೇ ಪುಟ ಕೇಳದಿದ್ದರೆ ಕಾಣುತ್ತಲೇ ಇರಲಿಲ್ಲ! ವೆಂಡೆಲ್‌ಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಲುಕಿ ಕುಲುಕಿ ನಕ್ಕ.

ಅವತ್ತು ಅವನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದ. ಐವತ್ತೆಂಟರ ಮನುಷ್ಯ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದ.

ಯಾರನ್ನು ಬಿಡಿಸುವುದು ಎಂಬುದಕ್ಕೆ ಅವನು ಹತ್ತು ದಿನ ತೆಗೆದುಕೊಂಡ. ಕಟುಕರನ್ನು ಮುಟ್ಟಲಿಲ್ಲ. ಅಷ್ಟು ಮರ್ಯಾದೆ ಅವನಿಗಿತ್ತು, ಅಥವಾ ಇದೆಯೆಂದು ಅವನು ಅಂದುಕೊಂಡಿದ್ದ. ತೀರಾ ಸಾಧುಗಳೂ ಬೇಡ, ಅವರು ಯಾಕೆ ದುಡ್ಡು ಕೊಟ್ಟಾರು? ಬೇಕಾದದ್ದು ನಡುವಿನ ಮನುಷ್ಯ. ಬಿಟ್ಟರೂ ಸರಿ, ಬಿಡದಿದ್ದರೂ ಸರಿ ಎನ್ನುವ ಕಡತ. ಅಂಥದ್ದು ಸ್ತಾಮಾತಿಸ್ ವರ್ದಾಕಿಸ್‌ನದು. ಸೈಪ್ರಸ್ಸಿನ ಲಿಮಸೋಲಿನಲ್ಲಿ ಕೂತ ಹಡಗಿನ ಯಜಮಾನ. ಒಂಬತ್ತು ವರ್ಷದ ಹಿಂದೆ ಸಾಗಿಸಬಾರದವರ ಎಣ್ಣೆ ಸಾಗಿಸಿ ಪಟ್ಟಿಗೆ ಬಿದ್ದವನು. ಆಮೇಲೆ ಆ ಹಡಗುಗಳನ್ನು ಗುಜರಿಗೆ ಹಾಕಿದ್ದಾನೆ, ನಿಜ. ಬುದ್ಧಿ ಬಂದಿದೆಯೋ ಇಲ್ಲವೋ ಎಂದು ನಾಲ್ಕು ವರ್ಷದಿಂದ ಅಧಿಕಾರಿಗಳು ಕಡತದ ಅಂಚಿನಲ್ಲಿ ಜಗಳವಾಡುತ್ತಿದ್ದರು. ವೆಂಡೆಲ್ ಒಂದು ಬದಿಗೆ ಸ್ವಲ್ಪ ವಾಲಿದರೆ ಸಾಕು. ಇರಬಹುದು ಎಂಬುದು ಹೌದು ಆಗುತ್ತದೆ. ಅದನ್ನು ತಪ್ಪೆಂದು ಸಾಧಿಸಲು ಯಾವ ಕೋರ್ಟಿನಿಂದಲೂ ಆಗದು.

ಇನ್ನು ಹಣ ಪಡೆಯುವ ದಾರಿ. ಇಲ್ಲೇ ಎಲ್ಲ ಕಳ್ಳರೂ ಎಡವುವುದು ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಅವನು ಹಿಡಿದವರೆಲ್ಲ ಸಿಕ್ಕಿಬಿದ್ದದ್ದು ಬಚ್ಚಿಡಲು ಹೋಗಿಯೇ. ಭಾವಮೈದುನನ ಹೆಸರಿನ ಕಂಪನಿ, ಯಾವುದೋ ದ್ವೀಪದ ಅಂಚೆಪೆಟ್ಟಿಗೆ, ಸತ್ತ ಅತ್ತೆಯ ಖಾತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಮಂದಿ. ವೆಂಡೆಲ್ ಏನನ್ನೂ ಬಚ್ಚಿಡುವುದಿಲ್ಲ. ತನ್ನ ಹೆಸರು, ತನ್ನ ಬ್ಯಾಂಕು, ತನ್ನ ಸಾಮಾನು, ಹಗಲು ಹೊತ್ತಿನ ಬಹಿರಂಗ ಹರಾಜು.

ಸಾಮಾನೆಂದರೆ ಬಾತುಗಳು. ಅವನ ತಾತ ಕೊಲ್ಲಿಯ ಪೂರ್ವ ದಡದಲ್ಲಿ ಬಾತು ಹೊಡೆದು ಮಾರುತ್ತಿದ್ದವನು. ಹಾರುವ ಹಕ್ಕಿಗಳನ್ನು ಮರುಳುಮಾಡಿ ಕೆಳಗಿಳಿಸಲು ಮರದ ಬಾತು ಕೆತ್ತಿ, ಬಣ್ಣ ಬಳಿದು, ನೀರಿನಲ್ಲಿ ತೇಲಿಬಿಡುತ್ತಿದ್ದ. ಆ ಕಡೆಯ ಜನ ಇಂಥ ಹಳೆಯ ಬಾತುಗಳಿಗೆ ಪ್ರಾಣ ಬಿಡುತ್ತಾರೆ. ಒಳ್ಳೆಯ ಕೈಯ ಬಾತು ಲಕ್ಷಗಟ್ಟಲೆ ಡಾಲರಿಗೆ ಹೋದದ್ದಿದೆ. ತಾತನ ಕೈ ಅಷ್ಟು ಒಳ್ಳೆಯದಾಗಿರಲಿಲ್ಲ. ಅವನು ಕೆತ್ತಿದ ಹನ್ನೆರಡೂ ಬಾತುಗಳು ಏನೋ ಕೆಟ್ಟ ಸುದ್ದಿ ಕೇಳಿದವರ ಮುಖ ಮಾಡಿಕೊಂಡು ನೆಲಮಾಳಿಗೆಯಲ್ಲಿ ಕೂತಿದ್ದವು.

"ಈ ದರಿದ್ರದವನ್ನ ಒಲೆಗೆ ಹಾಕಿದ್ರೆ ಒಂದು ಚಳಿಗಾಲದ ಸೌದೆನಾದ್ರೂ ಉಳೀತಿತ್ತು," ಎಂದಳು ಹೆಂಡತಿ ಬರ್ನಿಸ್, ಅವನು ಅವುಗಳ ಧೂಳು ಒರೆಸುವುದನ್ನು ನೋಡಿ.

"ಹರಾಜಿಗೆ ಹಾಕ್ತೀನಿ."

"ಯಾರ ತಲೆ ಕೆಟ್ಟಿದೆ ಅಂತ ತಗೋತಾರೆ? ಇದೊಂದನ್ನ ಬಿಟ್ಟು ಮಿಕ್ಕಿದ್ದು ಹಾಕಿ, ಬಾಗಿಲು ಹಾಕ್ಕೊಳ್ದಂಗೆ ಒತ್ತು ಕೊಡೋಕೆ ನನಗೆ ಬೇಕು."

"ಹನ್ನೆರಡೂ ಬೇಕು ಕಣೆ," ಎಂದು ವೆಂಡೆಲ್ ಬಾಗಿಲಿನ ಬಾತನ್ನೂ ಎತ್ತಿಕೊಂಡ. ಬಾಗಿಲು ಧಡ್ಡನೆ ಹಾಕಿಕೊಂಡಿತು. ಬರ್ನಿಸ್ ಬೈದದ್ದು ಅವನಿಗೆ ಸಂಗೀತದಂತೆ ಕೇಳಿಸಿತು.

ಸೆಪ್ಟೆಂಬರಿನಲ್ಲಿ ವರ್ದಾಕಿಸ್‌ನ ವಕೀಲೆ ಲಸ್ಕರಿ ಅರ್ಜಿಯ ಸಭೆಗೆ ಬಂದಳು. ಎರಡು ಗಂಟೆ ಸಭೆ. ಇಬ್ಬರು ಕೂತು ಪ್ರತಿ ಮಾತನ್ನೂ ಬರೆದುಕೊಂಡರು. ವೆಂಡೆಲ್ ಆವತ್ತು ಅವಳ ಮೇಲೆ ಎಷ್ಟು ಕಟುವಾಗಿದ್ದನೆಂದರೆ ಬರೆದುಕೊಳ್ಳುತ್ತಿದ್ದವನೇ ಒಮ್ಮೆ ತಲೆಯೆತ್ತಿ ಅಯ್ಯೋ ಪಾಪ ಎಂಬಂತೆ ಅವಳತ್ತ ನೋಡಿದ. ಸಭೆ ಮುಗಿದ ಮೇಲೆ ಅತಿಥಿಯನ್ನು ಲಿಫ್ಟಿನವರೆಗೆ ಬಿಟ್ಟುಬರುವುದು ಕಚೇರಿಯ ಪದ್ಧತಿ. ಆ ಹತ್ತಿಪ್ಪತ್ತು ಹೆಜ್ಜೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ.

"ನಿಮ್ಮ ಕಕ್ಷಿದಾರರಿಗೆ ಹಕ್ಕಿಗಳಂದ್ರೆ ಇಷ್ಟಾನಾ?" ಎಂದು ಕೇಳಿದ ವೆಂಡೆಲ್.

ಲಸ್ಕರಿ ಲಿಫ್ಟಿನ ದೀಪ ನೋಡಿದಳು, ಅವನ ಟೈ ನೋಡಿದಳು, ಆಮೇಲೆ ಮುಖ ನೋಡಿದಳು. "ಹಕ್ಕಿ ಅಂದ್ರೆ ಅವರಿಗೆ ಪ್ರಾಣ. ಯಾವ ಹಕ್ಕಿ ಅಂತ ಹೇಳಿ ಸಾರ್."

"ಬಾತು. ಮರದ್ದು. ನಮ್ಮ ತಾತ ಮಾಡಿದ್ದು. ನವೆಂಬರ್ ಎಂಟಕ್ಕೆ ಈಸ್ಟನ್‌ನಲ್ಲಿ ಹರಾಜಿದೆ. ಹನ್ನೆರಡಿವೆ. ಒಂದೊಂದಕ್ಕೆ ಒಂದೂವರೆ ಲಕ್ಷ ಡಾಲರ್ ಬರುತ್ತೆ ಅಂತ ನನ್ನ ಹೆಂಡ್ತಿ ಅಂತಾಳೆ."

"ನಿಮ್ಮ ಹೆಂಡ್ತಿಗೆ ಒಳ್ಳೆ ಕಲಾಪ್ರಜ್ಞೆ ಇದೆ," ಎಂದಳು ಲಸ್ಕರಿ. "ಆದ್ರೆ ನಮ್ಮವರ ಕೈಕಾಲು ಕಟ್ಟಿಹಾಕಿದೀರಲ್ಲ, ಹರಾಜಿಗೆ ಹೆಂಗೆ ಬರ್ತಾರೆ?"

"ಆ ವಾರದ ಸೋಮವಾರ ಪಟ್ಟಿ ನೋಡ್ತಾ ಇರಿ. ಬಂದ್ರೆ ಸ್ವಂತ ಹೆಸರಲ್ಲೇ ಬರ್ಲಿ. ಬೇನಾಮಿ ಹೆಸರು ಕಂಡ್ರೆ ನಂಗಾಗಲ್ಲ."

ಲಿಫ್ಟು ಬಂತು. ಅಷ್ಟೇ. ಕಾಗದವಿಲ್ಲ, ಫೋನಿಲ್ಲ, ಸಾಕ್ಷಿಯಿಲ್ಲ. ಹದಿನೆಂಟು ಲಕ್ಷದ ವ್ಯವಹಾರ ಒಂದು ಲಿಫ್ಟು ಮೇಲೆ ಬರುವಷ್ಟು ಹೊತ್ತಿನಲ್ಲಿ ಕುದುರಿತ್ತು. ವೆಂಡೆಲ್ ಕೋಣೆಗೆ ಹಿಂತಿರುಗುವಾಗ ಗೋಡೆಯ ಮೇಲಿದ್ದ ಐದು ಮಾಜಿ ಮುಖ್ಯಸ್ಥರ ಫೋಟೋಗಳಿಗೆ ಒಂದೊಂದಾಗಿ ಕಣ್ಣು ಹೊಡೆದ.

ತಾರೀಖನ್ನು ಅವನು ಸುಮ್ಮನೆ ಆರಿಸಿರಲಿಲ್ಲ. ಬೇಸಿಗೆಯಲ್ಲೇ ಸಹಿ ಹಾಕಬಹುದಿತ್ತು. ಆದರೆ ಬೇಸಿಗೆಯಲ್ಲಿ ಹಾಕಿದ ಸಹಿಯನ್ನು ಜನ ಓದುತ್ತಾರೆ. ಕೊನೆಯ ವಾರದಲ್ಲಿ ಹೊಸಬನ ಸಡಗರ, ಹಳಬನ ಪೆಟ್ಟಿಗೆ ಕಟ್ಟುವ ಗಲಾಟೆ. ಯಾವ ಕಾಗದದ ಮೇಲೂ ಯಾರ ಕಣ್ಣೂ ನಿಲ್ಲುವುದಿಲ್ಲ. ಮುಂದೆ ಯಾವನಾದರೂ ವರ್ದಾಕಿಸ್‌ನನ್ನು ಬಿಟ್ಟದ್ದೇಕೆ ಎಂದು ಕೂಗಿದರೆ ಆ ಕುರ್ಚಿಯಲ್ಲಿ ಕೂತು ಉತ್ತರ ಹೇಳಬೇಕಾದವನು ಆಶ್‌ಲಾಕ್! ಈ ಭಾಗ ನೆನೆದಾಗಲೆಲ್ಲ ವೆಂಡೆಲ್‌ಗೆ ಕಚಗುಳಿಯಾಗುತ್ತಿತ್ತು. ಮೆಟ್ರೋ ರೈಲಿನಲ್ಲಿ ಒಬ್ಬನೇ ನಗುವುದನ್ನು ಕಂಡು ಒಬ್ಬ ಹೆಂಗಸು ಜಾಗ ಬದಲಾಯಿಸಿ ಕೂತಳು.

ಸೋಮವಾರ ನವೆಂಬರ್ ಮೂರು. ಡೈರಿಯ ಪ್ರಕಾರ ಇನ್ನೂರ ನಾಲ್ಕನೆಯ ದಿನ. ಮೂರು ದಿನ ಸಹಿ ಪ್ರಕಟವಾಗಿ ಬ್ಯಾಂಕುಗಳ ಗಣಕಯಂತ್ರಕ್ಕೆ ಇಳಿಯಲು, ಎರಡು ದಿನ ಹಣ ದಾರಿ ಕಾಣಲು, ಶನಿವಾರ ಹರಾಜು, ಭಾನುವಾರ ಇನ್ನೂರ ಹತ್ತು. ಒಂದು ಕೂದಲೂ ಅತ್ತಿತ್ತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಮೇಲೆ ಹಾವಿನ ಚರ್ಮಕ್ಕೆ ಬೆಲೆಯೂ ಬರಬೇಕು.

ಇಷ್ಟು ಸಾಲದೆಂದು ಅಕ್ಟೋಬರಿನಲ್ಲಿ ಅವನು ನೀತಿನಿಯಮದ ಅಧಿಕಾರಿಯ ಬಳಿ ಹೋಗಿ ಅರ್ಜಿ ಕೊಟ್ಟಿದ್ದ. ತಾತನ ಹಳೆಯ ಬಾತುಗಳನ್ನು ಹರಾಜಿನಲ್ಲಿ ಮಾರಲು ಅನುಮತಿ ಬೇಕು.

"ಸಾರ್, ನೀವು ಸೀನೋಕೂ ಅನುಮತಿ ಕೇಳೋರು," ಎಂದು ಆ ಅಧಿಕಾರಿ ನಕ್ಕು ಮುದ್ರೆ ಒತ್ತಿದ. "ನಿಮ್ಮಂಥೋರು ಇನ್ನು ಹುಟ್ಟಲ್ಲ ಬಿಡಿ."

"ಹುಟ್ಟಬಾರದು," ಎಂದ ವೆಂಡೆಲ್ ವಿನಯದಿಂದ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಸಹಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಸ್ತಾಮಾತಿಸ್ ವರ್ದಾಕಿಸ್ ಪಟ್ಟಿಯಲ್ಲಿರಲಿಲ್ಲ. ವೆಂಡೆಲ್ ಬ್ರೆಡ್ಡಿನ ಬುತ್ತಿ ಬಿಚ್ಚಿ ತಿಂದ. ಇಪ್ಪತ್ತಾರು ವರ್ಷದಿಂದ ತಿನ್ನುತ್ತಿದ್ದ ಅದೇ ಈರುಳ್ಳಿ, ಅದೇ ಸಾಸಿವೆ, ಇಂದು ಹಬ್ಬದೂಟ.

ಶನಿವಾರ ಈಸ್ಟನ್ನಿನ ಹರಾಜಿನ ಮನೆ ಕಿಕ್ಕಿರಿದಿತ್ತು. ಹೊರಗೆ ನಾಯಿಗಳ ನೀರಾಟದ ಸ್ಪರ್ಧೆ, ಒಳಗೆ ಒದ್ದೆ ಉಣ್ಣೆಯ ವಾಸನೆ. ಬರ್ನಿಸ್ ಹಿಂದಿನ ಸಾಲಿನಲ್ಲಿ ಏಡಿ ಕಟ್ಲೆಟ್ ಹಿಡಿದು ಕೂತಳು. ಬರುವ ಮುನ್ನೂರು ಡಾಲರಿನಲ್ಲಿ ಸೋರುವ ಮಾಳಿಗೆಯ ಯಾವ ಮೂಲೆ ಮುಚ್ಚಿಸಬಹುದೆಂದು ಯೋಚಿಸುತ್ತಿದ್ದಳು. ಲಸ್ಕರಿ ಮುಂದಿನ ಸಾಲಿನಲ್ಲಿದ್ದಳು. ಅವಳಿಂದ ದೂರದಲ್ಲಿ, ಅವಳನ್ನು ಕಂಡೇ ಇಲ್ಲವೆಂಬಂತೆ ಕೂತಿದ್ದ ದಪ್ಪ ಮೀಸೆಯವನು ಬೆಲೆ ಏರಿಸಲು ಅವಳೇ ತಂದವನೆಂದು ವೆಂಡೆಲ್‌ಗೆ ನೋಡಿದೊಡನೆ ಹೊಳೆಯಿತು. ಅಚ್ಚುಕಟ್ಟಾದ ಹೆಂಗಸು!

ಹರಾಜಿನವರು ಕೊಳ್ಳುವವರ ಹೆಸರನ್ನೆಲ್ಲ ಮೊದಲೇ ಪಟ್ಟಿಯ ವಿರುದ್ಧ ಹಾಕಿ ನೋಡಿದ್ದರು. ನೋಡಬೇಕೆಂದು ಅವರಿಗೆ ಕಲಿಸಿದ್ದೇ ವೆಂಡೆಲ್‌ನ ವಿಭಾಗ. ವರ್ದಾಕಿಸ್ ಎಂದು ಹಾಕಿದಾಗ ಹಸಿರು ದೀಪ ಬಂದಿತ್ತು. ಕೊಂಡವರ ಹೆಸರನ್ನು ಮಾರಿದವನಿಗೂ ಪತ್ರಿಕೆಯವರಿಗೂ ಹೇಳದಿರುವುದು ಆ ವ್ಯಾಪಾರದ ಹಳೆಯ ಮರ್ಯಾದೆ. ಅದೂ ವೆಂಡೆಲ್‌ನ ಲೆಕ್ಕದಲ್ಲಿತ್ತು.

ಮೊದಲ ಬಾತು ಇನ್ನೂರಕ್ಕೆ ಶುರುವಾಯಿತು. ಲಸ್ಕರಿ ಸಾವಿರ ಎಂದಳು. ಮೀಸೆಯವನು ಎರಡು ಸಾವಿರ ಎಂದ. ಸಭೆಯಲ್ಲಿ ಗುಸುಗುಸು ಎದ್ದಿತು. ಸಾಲಿಸ್‌ಬರಿಯ ದಂತವೈದ್ಯನೊಬ್ಬ ಕತ್ತು ನೀಳಮಾಡಿ ಆ ಅಳುಮುಖದ ಬಾತನ್ನು ನೋಡಿದ. ಹೊರದೇಶದವರು ಇಷ್ಟು ಕೊಡುತ್ತಾರೆಂದರೆ ಅದರಲ್ಲೇನೋ ಇದ್ದೇ ಇರಬೇಕು! ಅವನೂ ಕೈಯೆತ್ತಿದ. ನಾಲ್ಕು ಸಾವಿರ. ಎಂಟು. ಇಪ್ಪತ್ತು. ದಂತವೈದ್ಯ ಬೆವೆತ. ಹೆಂಡತಿ ಅವನ ಕೋಟು ಹಿಡಿದು ಜಗ್ಗಿದಳು. ನಲವತ್ತು ಸಾವಿರ ಎಂದು ಕೂಗಿಯೇಬಿಟ್ಟ ಪುಣ್ಯಾತ್ಮ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ವೆಂಡೆಲ್ ಕೋಟಿನ ಜೇಬಿನೊಳಗೆ ಕೈ ಹಾಕಿ ತನ್ನ ತೊಡೆಯನ್ನೇ ಚಿವುಟಿಕೊಂಡ, ನಗು ತಡೆಯಲು.

ಒಂದೂವರೆ ಲಕ್ಷಕ್ಕೆ ಸುತ್ತಿಗೆ ಬಿತ್ತು. ಬರ್ನಿಸ್‌ಳ ಕೈಯಿಂದ ಕಟ್ಲೆಟ್ ಬಿತ್ತು.

"ರೀ," ಎಂದಳು ಅವಳು, ಉಸಿರು ಸಿಕ್ಕಿದ ಮೇಲೆ. "ನಾನು ಬಾಗಿಲಿಗೆ ಒತ್ತು ಕೊಟ್ಟಿದ್ದು ಯಾವುದು?"

"ಏಳನೇದು."

"ಅದು ಎಷ್ಟಕ್ಕೆ ಹೋಗುತ್ತೆ?"

"ನೋಡ್ತಾ ಇರು."

ಏಳನೆಯದು ಒಂದು ಲಕ್ಷ ಅರವತ್ತು ಸಾವಿರಕ್ಕೆ ಹೋಯಿತು. ಬಾಗಿಲಿಗೆ ಒರಗಿ ಸವೆದ ಬಾಲವನ್ನು ಎತ್ತಿ ತೋರಿಸಿ ಹರಾಜುಗಾರ, "ಇದು ನಿಜವಾಗಿಯೂ ನೀರು ಕಂಡ ಬಾತು, ನೋಡಿ ಆ ಸವೆತ," ಎಂದಿದ್ದ. ಬರ್ನಿಸ್ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಕ್ಕದವರು ಮನೆತನದ ನೆನಪಿಗೆ ಅಳುತ್ತಿದ್ದಾಳೆಂದು ತಿಳಿದು ನೀರು ತಂದುಕೊಟ್ಟರು.

ಒಟ್ಟು ಹದಿನೆಂಟು ಲಕ್ಷದ ನಲವತ್ತು ಸಾವಿರ. ಸಾಮಾನ್ಯವಾಗಿ ಮಾರಿದವನ ಕೈಗೆ ಹಣ ಬರಲು ತಿಂಗಳು ಹಿಡಿಯುತ್ತದೆ. ಆದರೆ ಸೈಪ್ರಸ್ಸಿನಿಂದ ಹಣ ಬುಧವಾರವೇ ಬಂದಿತ್ತು, ಹರಾಜಿನವನು ಸಂತೋಷದಲ್ಲಿ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ಗುರುವಾರ ತಾನೇ ಕಾರು ಓಡಿಸಿಕೊಂಡು ಬಂದು ಚೆಕ್ಕು ಕೊಟ್ಟು, ತಾತನ ಫೋಟೋ ಇದ್ದರೆ ಕೊಡಿ, ಗೋಡೆಗೆ ಹಾಕುತ್ತೇವೆ ಎಂದ. ವೆಂಡೆಲ್ ಅಂದೇ ಚೆಕ್ಕನ್ನು ತನ್ನ ಹೆಸರಿನ, ತನ್ನ ಸಂಬಳ ಬರುವ ಖಾತೆಗೇ ಹಾಕಿದ. ಸಂಜೆ ಅಡುಗೆಮನೆಯಲ್ಲಿ ಬರ್ನಿಸ್‌ಳ ಸೊಂಟ ಹಿಡಿದು ಕುಣಿದ. ಅವಳು ಕೈಯಲ್ಲಿ ಸೌಟು ಹಿಡಿದೇ ಕುಣಿದಳು. ಮದುವೆಯ ದಿನವೂ ಅವರಿಬ್ಬರು ಕುಣಿದಿರಲಿಲ್ಲ.

ಶುಕ್ರವಾರ ಅವನು ತನ್ನ ಹಳೆಯ ಉಪ ಮುಖ್ಯಸ್ಥನ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತ ಶಿಳ್ಳೆ ಹಾಕುತ್ತಿದ್ದ. ತಿಂಗಳ ಕೊನೆಗೆ ನಿವೃತ್ತಿ. ಪಿಂಚಣಿ ಪೂರ್ತಿ, ಹೆಸರು ಚೊಕ್ಕ. ಕೊಲ್ಲಿಯ ದಡದಲ್ಲಿ ಹಜಾರವಿರುವ ಮನೆಯೊಂದನ್ನು ಬರ್ನಿಸ್ ಆಗಲೇ ನೋಡಿ ಬಂದಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಗೆಲ್ಲಬೇಕೆಂದಿತ್ತು, ಗೆದ್ದಿದ್ದ. ಆ ಸಂತೋಷಕ್ಕೆ ಎಲ್ಲರನ್ನೂ ಕ್ಷಮಿಸಬೇಕೆನ್ನಿಸಿತು, ಆಶ್‌ಲಾಕ್‌ನನ್ನೂ.

ಒಡೆಸಾ ಟಿಮ್ಮನ್ಸ್ ಬಾಗಿಲು ತಟ್ಟದೆ ಒಳಗೆ ಬಂದಳು. ರಜೆ, ಹಾಜರಿ, ನೇಮಕದ ಕಾಗದಗಳನ್ನು ಮೂವತ್ತನಾಲ್ಕು ವರ್ಷದಿಂದ ನೋಡಿಕೊಂಡು ಬಂದ ಹೆಂಗಸು. ಮುಖ್ಯಸ್ಥರಿಗೂ ಬೈಯುವ ಹಕ್ಕು ಆ ಕಟ್ಟಡದಲ್ಲಿ ಅವಳಿಗೊಬ್ಬಳಿಗೇ ಇತ್ತು.

"ಏನಪ್ಪಾ ವೆಂಡೆಲ್, ಮುಖದಲ್ಲಿ ಮದುಮಗನ ಕಳೆ?"

"ನಿವೃತ್ತಿ ಕಣಮ್ಮ ಒಡೆಸಾ. ಮುಂದಿನ ಬೇಸಿಗೆಗೆ ಬನ್ನಿ, ನನ್ನ ಕೈಯಾರೆ ಏಡಿ ಬೇಯಿಸಿ ಹಾಕ್ತೀನಿ."

"ಬರ್ತೀನಿ ಬಿಡು. ಈಗೊಂದು ಸಣ್ಣ ತಾಪತ್ರಯ ಆಗಿದೆ." ಅವಳು ಕುರ್ಚಿಯ ಮೇಲಿದ್ದ ಪುಸ್ತಕ ಸರಿಸಿ ಕೂತಳು. "ಹೊಸಬನ ಕಡೆಯ ವಕೀಲರು ಹಳೆ ಕಾಗದ ಎಲ್ಲ ಕೆದಕ್ತಾ ಇದಾರೆ. ನೀನು ಕೊನೇಲಿ ಸಹಿ ಹಾಕಿದ ನಾಲ್ಕು ಕಾಗದ ಊರ್ಜಿತ ಅಲ್ಲವಂತೆ. ನಿನ್ನ ತಪ್ಪೇನಿಲ್ಲ, ಯಾರೂ ನೋಡಿರ್ಲಿಲ್ಲ. ಅದ್ರಲ್ಲಿ ಮೂರು ಕಾಗದಕ್ಕೆ ಮೇಲಿನ ಮಹಡಿಯವರು ಇವತ್ತೇ ಮತ್ತೆ ಸಹಿ ಹಾಕಿದ್ರು. ಆ ಹಡಗಿನವನದಕ್ಕೆ ಮಾತ್ರ ಹಾಕಲ್ಲ, ಹೊಸಬ ಬಂದು ಓದಿ ನೋಡ್ಲಿ ಅಂದಿದಾರೆ."

"ಅಂದ್ರೆ ಅವನನ್ನ ಮತ್ತೆ ಪಟ್ಟಿಗೆ ಹಾಕ್ತಾರಾ?"

"ಮತ್ತೆ ಹಾಕೋದೇನು, ಅವನು ಇಳಿದೇ ಇಲ್ವಂತಲ್ಲ! ಅದಕ್ಕೇ ಬೆಳಿಗ್ಗೆ ಬ್ಯಾಂಕುಗಳಿಗೆಲ್ಲ ಬರೆದ್ವಿ. ಮೂರನೇ ತಾರೀಖಿನಿಂದ ಈಚೆಗೆ ಅವನ ದುಡ್ಡು ಯಾರ ಕೈ ಸೇರಿದೆ, ಹೆಸರು ಸಮೇತ ಕಳಿಸಿ ಅಂತ. ಆಗ್ಲೇ ಒಂದು ಉತ್ತರ ಬಂದಿದೆ."

ವೆಂಡೆಲ್ ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಯೊಳಗೆ ಮೆಲ್ಲಗೆ ಇಟ್ಟ. ಎಲ್ಲೋ ಏನೋ ಗೊಂದಲವಾಗಿದೆ, ಹೇಳಿದರೆ ಸರಿಹೋಗುತ್ತದೆ. "ಒಡೆಸಾ, ನಾನು ಸಹಿ ಹಾಕಿದ್ದು ಇನ್ನೂರ ನಾಲ್ಕನೇ ದಿನ. ಇನ್ನೂ ಆರು ದಿನ ಬಾಕಿ ಇತ್ತು. ಒಂದು ದಿನಾನೂ ಬಿಡದೆ ಬರೆದಿಟ್ಟಿದೀನಿ, ಡೈರಿ ನೋಡಿ ಬೇಕಾದ್ರೆ."

"ಅಯ್ಯೋ ನನ್ನಪ್ಪಾ, ಅದು ನೀನು ಕೂತ ದಿನದಿಂದ ಎಣಿಸಿದ್ದು," ಎಂದಳು ಒಡೆಸಾ, ಮಗುವಿಗೆ ಹೇಳುವ ಹಾಗೆ. "ಕಾನೂನು ಎಣಿಸೋದು ಕುರ್ಚಿ ಖಾಲಿಯಾದ ದಿನದಿಂದ. ಹಳೇ ಮೇಡಂ ಹೋಗಿದ್ದು ಮಾರ್ಚ್ ಮೂವತ್ತೊಂದಕ್ಕೆ. ನಿನ್ನನ್ನ ಕೂರಿಸೋದೋ ಬೇಡವೋ ಅಂತ ಮೇಲಿನೋರು ಹದಿಮೂರು ದಿನ ತಲೆ ಕೆರ್ಕೊಂಡ್ರಲ್ಲ, ಅದೂ ಸೇರುತ್ತೆ. ನಿನ್ನ ಇನ್ನೂರ ಹತ್ತು ಅಕ್ಟೋಬರ್ ಇಪ್ಪತ್ತೇಳಕ್ಕೇ ಮುಗಿದುಹೋಗಿತ್ತು ಕಣಪ್ಪ." ಅವಳು ಬ್ಯಾಂಕಿನ ಉತ್ತರವನ್ನು ಅವನತ್ತ ಚಾಚಿದಳು. "ಇದನ್ನ ಸ್ವಲ್ಪ ಓದಿ ಹೇಳು, ಕನ್ನಡಕ ಮೇಜಿನ ಮೇಲೆ ಬಿಟ್ಟುಬಂದಿದೀನಿ. ಹನ್ನೆರಡು ಬಾತು ಅಂತ ಏನೋ ಇದೆ. ಮಾರಿದೋನ ಹೆಸರು ಏನಂತ ಬರೆದಿದಾರೆ?"